ಪೀಟರನ ಮಕ್ಕಳು

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಸಮಯ ಇಷ್ಟು ಖಚಿತವಾಗಿ ನೆನಪಿರಲು ಕಾರಣವಿದೆ. ಆಗಷ್ಟೇ ನಾನು ದಾಖಲೆ ಪುಸ್ತಕದಲ್ಲಿ ‘3.10, ಆರು ಡಿಗ್ರಿ, ಎಲ್ಲ ಸರಿ’ ಎಂದು ಬರೆದು ಪೆನ್ನಿನ ಮುಚ್ಚಳ ಹಾಕಿದ್ದೆ. ಮುಚ್ಚಳದ ಸದ್ದಿನ ಹಿಂದೆಯೇ ತಂಪು ಕೋಣೆಯ ಯಂತ್ರ ಒಮ್ಮೆ ಕೆಮ್ಮಿದಂತೆ ಮಾಡಿ ನಿಂತುಹೋಯಿತು. ಅರ್ಧ ದೀಪಗಳು ಆರಿದವು. ಆಮೇಲೆ ಎಚ್ಚರಿಕೆಯ ಗಂಟೆ ಬಡಿಯತೊಡಗಿತು. ‘ಎಲ್ಲ ಸರಿ’ ಎಂಬ ಆ ಎರಡು ಪದ ಈಗಲೂ ಆ ಪುಸ್ತಕದಲ್ಲಿ ಹಾಗೆಯೇ ಇರಬೇಕು. ಅದನ್ನು ಹೊಡೆದುಹಾಕಲು ನನಗೆ ಯಾವತ್ತೂ ಕೈ ಬರಲಿಲ್ಲ.

ಅದು ಆಗಸ್ಟ್ ತಿಂಗಳ ಒಂದು ಶುಕ್ರವಾರ. ಆಗ ವಾರದ ರಜೆ ಶುಕ್ರವಾರವೇ ಆಗಿದ್ದರಿಂದ ಕೆಲಸದವರೆಲ್ಲ ರಜೆಯಲ್ಲಿದ್ದರು. ಗಲ್ಫ್‌ನ ಖಲೀಫಾ ಸಿಟಿಯ ಆ ದೊಡ್ಡ ವಿಲ್ಲಾದ ಹಿತ್ತಲಿನಲ್ಲಿದ್ದವರು ನಾನು, ಅಂಕಲ್, ಗೇಟಿನ ಬಳಿ ಕಾರು ತೊಳೆಯುತ್ತಿದ್ದ ಪೇಶಾವರದ ಡ್ರೈವರ್, ಮತ್ತು ಎಂಟು ಹಕ್ಕಿಗಳು.

ಮೊದಲು ಹಕ್ಕಿಗಳ ವಿಷಯ ಹೇಳುತ್ತೇನೆ. ವಿಲ್ಲಾದ ಯಜಮಾನರಿಗೆ, ಅಲ್ಲಿಯವರ ಮಾತಿನಲ್ಲಿ ಅರ್ಬಾಬ್‌ಗೆ, ಗಿಡುಗಗಳ ಹುಚ್ಚು. ಉತ್ತರ ಧ್ರುವದ ಕಡೆಯಿಂದ ಬಂದ ದೊಡ್ಡ ಬಿಳಿ ಗಿಡುಗಗಳನ್ನು ಸಾಕಿದ್ದರು. ಆ ಗಿಡುಗಗಳು ತಮ್ಮ ಊರಿನಲ್ಲಿ ತಿಂದು ಬದುಕುವುದು ಒಂದು ಜಾತಿಯ ನೆಲಕೋಳಿಯನ್ನು. ಮರವೇ ಇಲ್ಲದ ಹಿಮದ ಬಯಲಿನಲ್ಲಿ, ಕಲ್ಲುಗಳ ನಡುವೆ ನಡೆದುಕೊಂಡೇ ಬಾಳುವ ಹಕ್ಕಿ ಅದು. ಬೇಟೆಗಾರನನ್ನು ಸಾಕಿದವರಿಗೆ ಬೇಟೆಯನ್ನೂ ಕಣ್ಣಾರೆ ಕಾಣಬೇಕೆನಿಸಿತಂತೆ. ತಿನ್ನಿಸುವುದಕ್ಕಲ್ಲ, ಬರೀ ನೋಡುವುದಕ್ಕೆ. ಹೊರಗೆ ನಲವತ್ತೈದು ಡಿಗ್ರಿ ಸುಡುವಾಗ ಒಳಗೆ ಆರು ಡಿಗ್ರಿ ಇರುವ ಒಂದು ಕೋಣೆ ಕಟ್ಟಿಸಿದರು. ಮೂರು ಮೆಟ್ಟಿಲು ಇಳಿದು ಹೋಗಬೇಕಾದ ತಗ್ಗಿನ ಕೋಣೆ. ಕಲ್ಲು, ಪಾಚಿ, ಮೊಣಕಾಲೆತ್ತರದ ಗಿಡಗಳು. ನಾನು ಪ್ರಾಣಿಶಾಸ್ತ್ರ ಓದಿದವಳು. ತೂಕ ನೋಡುವುದು, ಮೇವು ಕತ್ತರಿಸುವುದು, ಬರೆದಿಡುವುದು ನನ್ನ ಕೆಲಸ.

ಅಂಕಲ್ ಮಂಗಳೂರಿನ ಕಡೆಯ ಕೊಂಕಣಿ ಕ್ರೈಸ್ತರು. ಟೂರಿಸ್ಟ್ ಕ್ಲಬ್ ಏರಿಯಾದ ಹೋಟೆಲೊಂದರಲ್ಲಿ ಮೀನು ಮಾಂಸದ ಶೀತಲ ಕೋಣೆಗಳನ್ನು ವರ್ಷಗಟ್ಟಲೆ ನೋಡಿಕೊಂಡವರು. ಗಲ್ಫ್‌ಗೆ ಬಂದು ಇಪ್ಪತ್ತಾರು ವರ್ಷವಾಗಿತ್ತು. ಹಕ್ಕಿಯ ಬಗ್ಗೆ ಅವರಿಗೆ ಏನೂ ಗೊತ್ತಿರಲಿಲ್ಲ, ಚಳಿಯ ಬಗ್ಗೆ ಎಲ್ಲವೂ ಗೊತ್ತಿತ್ತು. ನಾನು ಹಾಸನದವಳು, ಬಂದು ಎರಡು ವರ್ಷವಾಗಿತ್ತಷ್ಟೇ. ಅವರಿದ್ದ ಬೀದಿಯಲ್ಲೇ ಇಬ್ಬರು ನರ್ಸುಗಳ ಜೊತೆ ಒಂದು ಕೋಣೆಯಲ್ಲಿದ್ದೆ. ಬೆಳಿಗ್ಗೆ ಅವರ ಹಳೆಯ ಕಾರಿನಲ್ಲೇ ಹೋಗುವುದು, ಸಂಜೆ ಅದರಲ್ಲೇ ವಾಪಸು.

ಮೊದಲ ದಿನ ಅವರು ನನ್ನನ್ನು ಮೆಟ್ಟಿಲ ಬಳಿ ನಿಲ್ಲಿಸಿ ಕೈಕಟ್ಟಿ ಹೇಳಿದ್ದರು.

“ಎಂಟು ಉಂಟು. ಎಷ್ಟು ಕಾಣ್ತದೆ ಹೇಳು ನೋಡುವಾ.”

“ಮೂರು, ಅಂಕಲ್.”

“ಓದಿದವಳು ಅಂತ ಹೇಳಿದ್ರು ನಿನ್ನನ್ನು?”

“ಇನ್ನೊಂದು ಅಲ್ಲಿದೆ ನೋಡಿ. ನಾಲ್ಕು.”

“ಅದು ಕಲ್ಲು ಮಾರಾಯ್ತಿ!”

ಗೋಡೆಯ ಮೇಲೆ ಇಂಗ್ಲಿಷಿನಲ್ಲಿ ಹಕ್ಕಿಯ ಹೆಸರು ಬರೆದ ಫಲಕವಿತ್ತು. ಮೊದಲ ಅಕ್ಷರ ‘ಪಿ’, ಆದರೆ ಅದನ್ನು ಉಚ್ಚರಿಸುವುದಿಲ್ಲ, ‘ಟಾರ್ಮಿಗನ್’ ಎನ್ನಬೇಕು. ಅಂಕಲ್ ಇದ್ದ ಅಕ್ಷರ ಯಾವುದನ್ನೂ ಬಿಡದೆ ಅದನ್ನು ‘ಪೀಟರ್‌ಮಗನ್’ ಎಂದು ಓದಿಕೊಂಡಿದ್ದರು. ನಾನು ತಿದ್ದಲು ಹೋದೆ.

“ಪಿ ಸೈಲೆಂಟ್ ಅಂಕಲ್.”

“ಸೈಲೆಂಟ್ ಆಗಿದ್ರೆ ಬರೆದದ್ದು ಯಾಕೆ? ಪೀಟರನ ಮಗನೇ ಸರಿ. ಪೀಟರನಿಗೂ ಕೋಳಿಗೂ ಹಳೇ ಸಂಬಂಧ ಉಂಟು, ನಿನಗೆ ಗೊತ್ತಿಲ್ಲ. ಕೋಳಿ ಕೂಗುವ ಮೊದಲು ಮೂರು ಸಲ ತನ್ನ ಗುರುವನ್ನೇ ಗೊತ್ತಿಲ್ಲ ಅಂತ ಸುಳ್ಳು ಹೇಳಿದ್ದ ಆ ಮನುಷ್ಯ, ಬೈಬಲಿನಲ್ಲಿ ಉಂಟು.”

ಹಾಗೆ ಅವು ಪೀಟರನ ಮಕ್ಕಳಾದವು. ಕೊನೆಗೆ ನನ್ನ ಬಾಯಲ್ಲೂ ಅದೇ ಬಂತು.

ಈ ಹಕ್ಕಿಯನ್ನು ಗುರುತಿಸುವುದು ಹೇಗೆಂದು ಕಲಿಯಲು ನನಗೆ ಎರಡು ತಿಂಗಳು ಹಿಡಿಯಿತು. ಪುಸ್ತಕದಲ್ಲಿರುವುದೆಲ್ಲ ನಿಜ: ಬೇಸಿಗೆಯಲ್ಲಿ ಕಲ್ಲಿನ ಮೇಲಿನ ಕಂದು ಚುಕ್ಕೆಗಳ ಬಣ್ಣ, ಚಳಿಗಾಲದಲ್ಲಿ ಹಿಮದಂತೆ ಬಿಳಿ, ನಡುವೆ ಬೂದು ಬೆರೆತ ಇನ್ನೊಂದು ಅಂಗಿ. ಬಾಲದ ಕಪ್ಪು ಮಾತ್ರ ಎಲ್ಲ ಕಾಲದಲ್ಲೂ ಹಾಗೆಯೇ ಇರುತ್ತದೆ. ಗಂಡಿಗೆ ಕಣ್ಣಿನ ಮೇಲೊಂದು ಕೆಂಪು ಹುಬ್ಬು. ಕಾಲಿನ ಬೆರಳುಗಳವರೆಗೂ ಗರಿ, ಮೊಲದ ಪಾದದ ಹಾಗೆ. ಆದರೆ ಕೋಣೆಗೆ ಇಳಿದರೆ ಇದ್ಯಾವುದೂ ಉಪಯೋಗಕ್ಕೆ ಬರುವುದಿಲ್ಲ, ಯಾಕೆಂದರೆ ಹಕ್ಕಿಯೇ ಕಾಣುವುದಿಲ್ಲ. ಹಕ್ಕಿಯನ್ನು ಹುಡುಕಬಾರದು, ಕಣ್ಣನ್ನು ಹುಡುಕಬೇಕು ಎಂದು ನಿಧಾನವಾಗಿ ತಿಳಿಯಿತು. ಕಲ್ಲಿನ ನಡುವೆ ಒಂದು ಕಪ್ಪು ಮಣಿ ಮಿಣುಕಿದರೆ ಅದರ ಸುತ್ತ ಹಕ್ಕಿ ತಾನಾಗಿ ಮೂಡುತ್ತದೆ. ಗಂಡುಗಳು ಒಮ್ಮೊಮ್ಮೆ ಗಂಟಲಿನಲ್ಲೇ ಗರಗರ ಸದ್ದು ಹೊರಡಿಸುತ್ತಿದ್ದವು. “ನನ್ನ ಗೊರಕೆಯ ಹಾಗೆಯೇ,” ಎನ್ನುತ್ತಿದ್ದರು ಅಂಕಲ್, ಹೆಮ್ಮೆಯಿಂದ.

ಅದಕ್ಕಿಂತ ದೊಡ್ಡ ಪಾಠ ಬೇರೆ. ಅಪಾಯ ಬಂದಾಗ ಈ ಹಕ್ಕಿ ಓಡುವುದಿಲ್ಲ. ನೆಲಕ್ಕೆ ಅಂಟಿಕೊಂಡು, ಇದ್ದಲ್ಲೇ ಇಲ್ಲದಂತಾಗುತ್ತದೆ. ಇನ್ನೇನು ಪಾದ ಮೇಲೆ ಬಿತ್ತು ಎನ್ನುವಷ್ಟರಲ್ಲಿ ಮಾತ್ರ ಸಿಡಿದು ಏಳುತ್ತದೆ.

ಆ ಆಗಸ್ಟಿನಲ್ಲಿ ನನ್ನ ದಾಖಲೆ ಪುಸ್ತಕದಲ್ಲಿ ಬಿಡಿಸಲಾಗದ ಒಂದು ಒಗಟಿತ್ತು. ಎಂಟರಲ್ಲಿ ಏಳು ಹಕ್ಕಿಗಳು ಕಾಲಕ್ಕೆ ಸರಿಯಾಗಿ ಕಂದು ಬಣ್ಣದಲ್ಲಿದ್ದವು. ಐದನೇ ನಂಬರಿನ ಹೆಣ್ಣಿಗೆ ಮಾತ್ರ ಜುಲೈ ಕೊನೆಯಲ್ಲೇ ಹೊಟ್ಟೆಯ ಪಕ್ಕ ಬಿಳಿ ಗರಿ ಬರತೊಡಗಿತ್ತು. ಒಂದೇ ಕೋಣೆ, ಒಂದೇ ಮೇವು, ಹಗಲೂ ರಾತ್ರಿ ಉರಿಯುವ ಒಂದೇ ದೀಪ. ರೋಗವಿರಬಹುದೆಂದು ಹೆದರಿ ‘ಕಾರಣ ತಿಳಿಯದು’ ಎಂದು ಬರೆದಿದ್ದೆ. ಆ ಹೆಣ್ಣು ಅಂಕಲ್‌ಗೆ ಅಚ್ಚುಮೆಚ್ಚು. ಮೆಟ್ಟಿಲ ಪಕ್ಕದ ಮೂಲೆಯ ಕಲ್ಲುಕಟ್ಟೆಯೊಂದರ ಮೇಲೆ ಅದರ ಜಾಗ. ಅಂಕಲ್ ಬಂದರೆ ಅದು ಕತ್ತು ಚಾಚಿ ನೋಡುತ್ತಿತ್ತು.

ಮೂರು ಹತ್ತಕ್ಕೆ ಗಂಟೆ ಬಡಿದಾಗ ನಾವು ಅದನ್ನು ಸೆಕೆ ಏರುತ್ತಿರುವ ಸೂಚನೆ ಎಂದುಕೊಂಡೆವು. ಯಂತ್ರದೊಳಗಿನ ತಂಪು ಅನಿಲ ಸೋರುತ್ತಿದೆ ಎಂಬುದು ತಿಳಿಯಲಿಲ್ಲ. ಅದಕ್ಕೆ ವಾಸನೆಯಿಲ್ಲ. ಅದು ಗಾಳಿಗಿಂತ ಭಾರ. ತಗ್ಗಿನಲ್ಲಿ ನೀರಿನಂತೆ ತುಂಬಿಕೊಳ್ಳುತ್ತದೆ, ಉಸಿರಿನ ಗಾಳಿಯನ್ನು ಮೇಲಕ್ಕೆ ತಳ್ಳುತ್ತದೆ. ಇದೆಲ್ಲ ನಾನು ಕಾಲೇಜಿನಲ್ಲಿ ಓದಿದ್ದೆ. ಆದರೆ ಅವತ್ತು ನನ್ನ ತಲೆಯಲ್ಲಿದ್ದದ್ದು ಆರು ಡಿಗ್ರಿ ಹನ್ನೆರಡಾಯಿತು, ಹದಿನೈದಾಯಿತು ಎಂಬುದೊಂದೇ.

“ಯಲ್ಲಾ, ಯಲ್ಲಾ! ಬೇಗ ಬೇಗ ಮಕ್ಕಳನ್ನು ಎತ್ತು!” ಅಂಕಲ್ ಆಗಲೇ ಕೆಳಗಿಳಿದಿದ್ದರು. ಅಲ್ ಮೀನಾ ಮಾರ್ಕೆಟ್ಟಿನಿಂದ ಸೊಪ್ಪು ತರುತ್ತಿದ್ದ ಪ್ಲಾಸ್ಟಿಕ್ ಕ್ರೇಟುಗಳಲ್ಲಿ ಹಕ್ಕಿಗಳನ್ನು ಹಾಕಿ, ಮೇಲೊಂದು ಬಟ್ಟೆ ಮುಚ್ಚಿ, ಪಡಸಾಲೆಯ ಆ ತುದಿಯಲ್ಲಿದ್ದ ತರಕಾರಿಯ ಕೋಲ್ಡ್ ಸ್ಟೋರಿಗೆ ಒಯ್ಯುವುದೆಂದಾಯಿತು. ಅವರು ಹಿಡಿಯುವುದು, ನಾನು ಸಾಗಿಸುವುದು. ಪ್ರತಿ ಸಲ ಹೊರಬಂದಾಗಲೂ ಬಾಗಿಲು ಮುಚ್ಚಬೇಕು. ಅದು ಅವರೇ ಮಾಡಿದ ಕಾನೂನು. “ಬಾಗಿಲು ತೆರೆದಿಟ್ರೆ ಚಳಿ ಓಡಿಹೋಗ್ತದೆ” ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. ಒಳಗಿನ ಹಿಡಿಯೋ ಗಟ್ಟಿ. ಎರಡು ಕೈ ಹಾಕಿ ಒತ್ತಿದರೇ ಬಾಗಿಲು ತೆರೆಯುತ್ತಿತ್ತು.

ಏಳು ಹಕ್ಕಿ ಸಿಕ್ಕವು. ಐದನೇ ನಂಬರು ಸಿಗಲಿಲ್ಲ. ಹೊರಗೆ ಬಂದ ಅಂಕಲ್ ಗೋಡೆಗೆ ಕೈಕೊಟ್ಟು ನಿಂತು ಏದುಸಿರು ಬಿಟ್ಟರು.

“ಕೂತ್ಕೊಳ್ಳಿ ಅಂಕಲ್, ನಾನ್ ಹೋಗ್ತೀನಿ.”

“ನೀನು ಹೋದ್ರೆ ಅದು ಏಳುವುದಿಲ್ಲ. ಅದರ ಜಾಗ ನನಗೆ ಗೊತ್ತುಂಟು. ಒಂದೇ ನಿಮಿಷ.”

ಅವರು ಒಳಗಿಳಿದರು. ನಾನು ಕೊನೆಯ ಎರಡು ಕ್ರೇಟುಗಳನ್ನು ಒಂದರ ಮೇಲೊಂದಿಟ್ಟು ಹೊತ್ತುಕೊಂಡೆ. ಗಂಟೆ ಇನ್ನೂ ಬಡಿಯುತ್ತಿತ್ತು. ಬಾಗಿಲ ಸಂದಿಯಿಂದ ಕೂಗಿದೆ:

“ಸಿಕ್ತಾ ಅಂಕಲ್?”

ಒಳಗಿನಿಂದ ಒಂದೇ ಪದ ಬಂತು.

“ಖಲಾಸ್.”

ಈ ಪದದ ಬಗ್ಗೆ ಸ್ವಲ್ಪ ಹೇಳಲೇಬೇಕು. ನಮ್ಮೂರಿನಲ್ಲಿ ‘ಖಲಾಸ್’ ಎಂದರೆ ಕಥೆ ಮುಗಿಯಿತು, ಆಸಾಮಿ ಸತ್ತ. ಗಲ್ಫ್‌ನಲ್ಲಿ ಅದು ದಿನಕ್ಕೆ ನೂರು ಸಲ ಕೇಳುವ ಮಾತು: ಕೆಲಸ ಆಯಿತು, ಸಾಕು, ಹೊರಡೋಣ. ಹೊಸದಾಗಿ ಬಂದಾಗ ಟೈಲರ್‌ಗೆ ಕೊಟ್ಟ ಕುರ್ತಾ ಕೇಳಲು ಹೋದರೆ ಆತ ನಗುತ್ತ “ಖಲಾಸ್, ಖಲಾಸ್” ಎಂದಿದ್ದ. ಬಟ್ಟೆ ಹಾಳಾಯಿತೆಂದು ನಾನು ಅವನ ಮೇಲೆ ರೇಗಿದ್ದೆ. ಆ ಕಥೆ ಹೇಳಿ ಅಂಕಲ್ ಒಂದು ವರ್ಷ ನನ್ನನ್ನು ಗೋಳುಹೊಯ್ದುಕೊಂಡಿದ್ದರು. ಆಮೇಲೆ ನಾನೂ ಇಲ್ಲಿನವಳಾದೆ. ಆ ಪದಕ್ಕೆ ಊರಿನ ಅರ್ಥವಿತ್ತೆಂಬುದನ್ನೇ ಮರೆತೆ.

ಆದ್ದರಿಂದ ನಾನು ಕೇಳಿಸಿಕೊಂಡದ್ದು: ಹಕ್ಕಿ ಸಿಕ್ಕಿತು, ಕೆಲಸ ಮುಗಿಯಿತು, ಬರುತ್ತೇನೆ. ಮೊಣಕೈಯಿಂದ ಬಾಗಿಲು ತಳ್ಳಿದೆ. ಚಿಲಕ ಬಿದ್ದ ಸದ್ದು ಕೇಳಿತು. ಸಮಾಧಾನದಿಂದ ಸ್ಟೋರಿನತ್ತ ನಡೆದೆ.

ಕ್ರೇಟುಗಳನ್ನು ಇಳಿಸಿ, ಬಟ್ಟೆ ಸರಿಸಿ, ಒಂದೊಂದಕ್ಕೂ ನೀರಿಟ್ಟೆ. ಗೋಡೆಯ ಗಡಿಯಾರ ನೋಡಿದೆ: ಮೂರು ಮೂವತ್ತೈದು. ಅಂಕಲ್ ಬರಲಿಲ್ಲ. ಇನ್ನೊಮ್ಮೆ ಎಣಿಸಿದೆ, ಏಳು. ಆಗ ಆ ಪದ ಮತ್ತೆ ಕಿವಿಯಲ್ಲಿ ಕೇಳಿತು. ಯಾವತ್ತೂ ಖಲಾಸ್ ಎನ್ನುವಾಗ ಅವರು ಕೊನೆಯಲ್ಲಿ ಸ್ವರ ಎತ್ತುತ್ತಿದ್ದರು, ಅಂಗಡಿಯವರ ಹಾಗೆ. ಇದು ಕೆಳಗಿಳಿದಿತ್ತು. ಹಾಸನದಲ್ಲಿ, ಮಂಗಳೂರಿನಲ್ಲಿ ಸಾವಿನ ಸುದ್ದಿ ಹೇಳುವಾಗ ಇಳಿಯುವ ಹಾಗೆ.

ಆ ಪಡಸಾಲೆ ಮೂವತ್ತು ಹೆಜ್ಜೆ. ನಾನು ಓಡಿದ್ದು ನೆನಪಿಲ್ಲ. ಬಾಗಿಲು ಎಳೆದದ್ದು, ಕಿರುಚಿ ಡ್ರೈವರನನ್ನು ಕರೆದದ್ದು ನೆನಪಿದೆ. ಅಂಕಲ್ ಮೂಲೆಯ ಕಟ್ಟೆಯ ಕೆಳಗೆ ಮಂಡಿಯೂರಿ, ಹಣೆಯನ್ನು ಕಲ್ಲಿಗೆ ಆನಿಸಿ ಕೂತಿದ್ದರು, ಪ್ರಾರ್ಥನೆಗೆ ಕೂತವರಂತೆ. ಅವರನ್ನು ಹಾಗೆ ಕಂಡ ಕ್ಷಣ ಓದಿದ್ದೆಲ್ಲ ಒಟ್ಟಿಗೆ ನೆನಪಾಯಿತು: ಭಾರದ ಅನಿಲ, ತಗ್ಗು, ನೆಲ. ಬಾಗಿಲಲ್ಲೇ ಉಸಿರು ತುಂಬಿಕೊಂಡು ಬಾಯಿ ಬಿಗಿದು ಇಳಿದೆ. ಅವರ ಕಂಕುಳಿಗೆ ಕೈ ಹಾಕಿ ಎಳೆದೆ. ದಪ್ಪ ಮನುಷ್ಯ. ಮೊದಲ ಮೆಟ್ಟಿಲಿಗೆ ನನ್ನ ಉಸಿರು ಮುಗಿಯಿತು.

ಆಗ ಅವರ ಚಪ್ಪಲಿ ಕಾಲು ಕಟ್ಟೆಗೆ ತಗುಲಿತು. ಕಟ್ಟೆಯ ಮೇಲಿನ ಒಂದು ಕಲ್ಲು ಪಟಪಟನೆ ಸಿಡಿಯಿತು. ಕಂದು ಕಲ್ಲಿನ ಬದಿಯಲ್ಲಿ ಒಂದು ಬಿಳಿ ಮಿಂಚು. ಐದನೇ ನಂಬರು ನನ್ನ ಕಿವಿ ಸವರಿಕೊಂಡು ಹಾರಿ, ಮೇಲಿನ ಮೆಟ್ಟಿಲ ಮೇಲಿಳಿದು, ತೆರೆದ ಬಾಗಿಲಿನಿಂದ ಪಡಸಾಲೆಗೆ ನಡೆದುಹೋಯಿತು. ಓಡಲೂ ಇಲ್ಲ, ನಡೆದೇ ಹೋಯಿತು. ಅದರ ಹಿಂದೆಯೇ ಡ್ರೈವರ್ ಒಳಗೆ ನುಗ್ಗಿದ.

“ಬಾಜಿ, ಹಟೋ! ಆಪ್ ಊಪರ್ ಜಾವೋ!”

ಅಕ್ಕಾ, ಮೇಲೆ ಹೋಗಿ ಎನ್ನುತ್ತ ನನ್ನನ್ನು ಬದಿಗೆ ಸರಿಸಿ, ಅವನು ಅಂಕಲ್‌ರನ್ನು ಅಕ್ಕಿ ಮೂಟೆಯಂತೆ ಹೆಗಲಿಗೆ ಹಾಕಿಕೊಂಡು ಹೊರಗೆ ಬಂದ. ಅವರನ್ನು ಪಡಸಾಲೆಯಲ್ಲಿ ಮಲಗಿಸಿ, ಅಂಗಿಯ ಗುಂಡಿ ಬಿಚ್ಚಿ, ಆಂಬುಲೆನ್ಸ್‌ಗೆ ಫೋನ್ ಮಾಡಿದ್ದೂ ಅವನೇ. ಅಂಕಲ್ ಕೆಮ್ಮಿ ಕಣ್ಣು ಬಿಟ್ಟಾಗ ನಾನು ಅವರ ಒಂದು ಚಪ್ಪಲಿಯನ್ನು ಎದೆಗೊತ್ತಿಕೊಂಡು ನಿಂತಿದ್ದೆನಂತೆ.

ಅವರನ್ನು ಎರಡು ದಿನ ಆಸ್ಪತ್ರೆಯಲ್ಲಿಟ್ಟುಕೊಂಡರು. ಏನೂ ಆಗಲಿಲ್ಲ ಎಂದು ಎಲ್ಲರೂ ಹೇಳಿದರು. ಹಕ್ಕಿಗಳೂ ಉಳಿದವು, ಯಂತ್ರ ಸರಿಹೋಗುವವರೆಗೆ ಬೀನ್ಸ್, ಕೊತ್ತಂಬರಿ ಸೊಪ್ಪಿನ ನಡುವೆ ಸಂಸಾರ ಮಾಡಿದವು. ಆದರೆ ಬಾಗಿಲು ಹೇಗೆ ಮುಚ್ಚಿತು ಎಂದು ಮೊದಲು ಕೇಳಿದವರು ಅರ್ಬಾಬ್‌ರ ಮ್ಯಾನೇಜರ್. ತಾನಾಗಿ ಮುಚ್ಚಿಕೊಂಡಿತ್ತು ಎಂದೆ. ಆಸ್ಪತ್ರೆಯಲ್ಲಿ ವಿವರ ಬರೆದುಕೊಳ್ಳುತ್ತಿದ್ದ ನರ್ಸ್ ಕೇಳಿದಳು, ಅವಳಿಗೂ ಹಾಗೆಯೇ ಹೇಳಿದೆ. ಮಂಗಳೂರಿನಿಂದ ಅಂಕಲ್‌ರ ಹೆಂಡತಿ, ಆಂಟಿ, ಫೋನ್ ಮಾಡಿ ಅಳುತ್ತ, “ನೀನು ಅಲ್ಲಿ ಇದ್ದದ್ದಕ್ಕೆ ಇವರು ಬದುಕಿದ್ರು ಮಗಾ. ಬಾಗಿಲು ಎಂತ ಆದದ್ದು?” ಎಂದರು. ಅವರಿಗೂ ಅದನ್ನೇ ಹೇಳಿದೆ.

ಆಮೇಲೆ ನನ್ನ ನಿದ್ದೆ ಹಾರಿಹೋಯಿತು. ಕಣ್ಣು ಮುಚ್ಚಿದರೆ ಚಿಲಕ ಬೀಳುತ್ತಿತ್ತು. ಬೆಳಿಗ್ಗೆ ಕಾರಿನಲ್ಲಿ ಅಂಕಲ್‌ರ ಮುಖ ನೋಡಲಾಗದೆ ಕಿಟಕಿಯ ಹೊರಗೆ ನೋಡುತ್ತಿದ್ದೆ. ಅವರ ಕಣ್ಣಿನ ಕೆಳಗೂ ಕಪ್ಪಾಗಿತ್ತು. ಮೊದಲಾದರೆ ಮುಸ್ಸಾಫಾ ಸೇತುವೆ ಬರುವಷ್ಟರಲ್ಲಿ ಮೂರು ಜೋಕು ಮುಗಿಸುತ್ತಿದ್ದವರು ಈಗ ರೇಡಿಯೋ ಕೂಡ ಹಾಕುತ್ತಿರಲಿಲ್ಲ. ಅವರಿಗೆ ಗೊತ್ತಾಗಿದೆ, ಹೇಳುತ್ತಿಲ್ಲ ಅಷ್ಟೇ ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ನಾನೇ ಬಾಗಿಲು ಮುಚ್ಚಿ ಅವರನ್ನು ಅಲ್ಲಿ ಬಿಟ್ಟುಬಂದೆ. ಅವರು ಸಾಯುತ್ತೇನೆಂದು ಕೂಗಿದರು, ನಾನು ಆಯಿತು ಎಂದು ಹೊರಟೆ.

ಮೂರು ವಾರ ಹೀಗೆಯೇ ಕಳೆಯಿತು. ಒಂದು ಬೆಳಿಗ್ಗೆ ಸೊಪ್ಪು ತರಲು ಅಲ್ ಮೀನಾಕ್ಕೆ ಹೋಗಿದ್ದೆವು. ಕ್ರೇಟುಗಳನ್ನು ಡಿಕ್ಕಿಗೆ ತುಂಬಿ, ಕಾರಿನ ಬಾನೆಟ್ಟಿನ ಮೇಲೆ ಕಡಕ್ ಚಹಾದ ಲೋಟಗಳನ್ನಿಟ್ಟುಕೊಂಡು ನಿಂತಿದ್ದೆವು. ಮೀನಿನ ವಾಸನೆ, ಸೆಕೆ, ಯಾರೋ ಐಸ್ ಒಡೆಯುವ ಸದ್ದು. ನಾನು ಏನೋ ಒಂದು ಮಾತು ಬೇಕೆಂದು, “ಐದನೇ ನಂಬರು ಎದೆವರೆಗೂ ಬೆಳ್ಳಗಾಗಿದೆ ಅಂಕಲ್. ಯಾಕೆ ಅಂತಾನೇ ಗೊತ್ತಾಗ್ತಿಲ್ಲ,” ಎಂದೆ.

ಅವರು ಲೋಟವನ್ನು ಬಾನೆಟ್ಟಿನ ಮೇಲೆ ಅತ್ತ ಸರಿಸಿದರು.

“ಅದು ನಾನು ಮಾಡಿದ್ದು.”

“ಏನು?”

“ಪರದೆ ಕಟ್ಟಿದ್ದೆ ಮಾರಾಯ್ತಿ. ಹೋಟೆಲಿನ ಹಳೇ ಕಪ್ಪು ಪರದೆ. ಸಂಜೆ ನೀನು ಪುಸ್ತಕ ಬರೀತಾ ಇರುವಾಗ ಕಟ್ಟುವುದು, ಬೆಳಿಗ್ಗೆ ನೀನು ಸೊಪ್ಪು ಕತ್ತರಿಸುವಾಗ ತೆಗೆಯುವುದು. ಆ ಮೂಲೆಗೆ ಮಾತ್ರ.” ಅವರ ಸ್ವರ ಸಣ್ಣದಾಯಿತು. “ಇಡೀ ದಿನ, ಇಡೀ ರಾತ್ರಿ ಲೈಟು. ಅವರ ಊರಲ್ಲಿ ಬೇಸಿಗೆಗೆ ಸೂರ್ಯ ಮುಳುಗುವುದಿಲ್ಲ ಅಂತ ನೀನು ಹೇಳಿದ್ದು ಹೌದು. ಆದ್ರೂ ಪಾಪ, ಒಂದು ಹೆಂಗಸಿಗೆ ಕಣ್ಣು ಮುಚ್ಚಲಿಕ್ಕೆ ಸ್ವಲ್ಪ ಕತ್ತಲೆ ಬೇಡವಾ?”

ನನ್ನ ಒಗಟು ಅಲ್ಲೇ, ಮೀನು ಮಾರ್ಕೆಟ್ಟಿನ ಮುಂದೆ, ಬಿಡಿಸಿಕೊಂಡಿತು. ಈ ಹಕ್ಕಿಗೆ ಚಳಿ ಬಂತೆಂದು ಹೇಳುವುದು ಚಳಿಯಲ್ಲ, ಹಗಲಿನ ಉದ್ದ. ಹಗಲು ಮೋಟಾದರೆ ಮೈ ಬಿಳಿ ಅಂಗಿ ಹೊಲಿಯಲು ಶುರುಮಾಡುತ್ತದೆ. ಅಂಕಲ್ ಕಟ್ಟಿದ ಪರದೆಯ ಹಿಂದೆ ಅದೊಂದಕ್ಕೇ ಚಳಿಗಾಲ ಬಂದಿತ್ತು.

“ನಾನು ಹಾಗೆ ಮುದ್ದು ಮಾಡದಿದ್ರೆ ಅದು ಉಳಿದವರ ಜೊತೆ ಕೆಳಗೆ ಇರ್ತಿತ್ತು,” ಎಂದರು. “ಕಟ್ಟೆಗೆ ಅಂಟಿ ಕೂತದ್ದು ನನ್ನಿಂದ. ನನ್ನಿಂದ ನೀನೂ ಸಾಯ್ತಿದ್ದೆ. ಅದೇ ಕಣ್ಣ ಮುಂದೆ ಬರುವುದು, ನಿದ್ದೆಯೇ ಇಲ್ಲ.”

ಆಗ ನನಗೂ ತಡೆಯಲಾಗಲಿಲ್ಲ.

“ಬಾಗಿಲು ಮುಚ್ಚಿದ್ದು ನಾನು ಅಂಕಲ್. ತಾನಾಗಿ ಮುಚ್ಚಲಿಲ್ಲ. ನೀವು ಖಲಾಸ್ ಅಂದ್ರಿ, ಕೆಲಸ ಆಯ್ತು ಅಂದ್ಕೊಂಡು ಮುಚ್ಬಿಟ್ಟೆ. ನೀವು ಸಾಯ್ತೀನಿ ಅಂತ ಕೂಗಿದ್ರಿ, ನಾನು...”

“ನಾನಾ? ನಾನು ಎಲ್ಲಿ ಸಾಯ್ತೇನೆ ಅಂದೆ?”

“ಖಲಾಸ್ ಅಂದ್ರಲ್ಲ!”

“ನಾನು ಹೇಳಿದ್ದು ಕೋಳಿಗೆ! ಮುಟ್ಟಿದ್ರೆ ಅಲ್ಲಾಡ್ಲಿಲ್ಲ, ಕಣ್ಣು ಮುಚ್ಚಿತ್ತು. ಸತ್ತೇ ಹೋಯ್ತು ಅಂತ ಹೊಟ್ಟೆ ಉರಿದು ಹೇಳಿದ್ದು. ಆಮೇಲೆ ಅದರ ಹತ್ತಿರ ಸ್ವಲ್ಪ ಕೂತೆ. ಕೂತವನಿಗೆ ಏಳ್ಲಿಕ್ಕೆ ಆಗ್ಲಿಲ್ಲ, ಅಷ್ಟೇ. ನಿನ್ನನ್ನು ಕರೀಲೇ ಇಲ್ಲ ನಾನು.”

ಒಂದು ಪದಕ್ಕೆ ಎರಡೇ ಅರ್ಥ ಎಂದು ನಾನು ಮೂರು ವಾರ ನನ್ನನ್ನೇ ಕೊರೆದುಕೊಂಡಿದ್ದೆ. ಊರಿನ ಖಲಾಸ್ ಹೌದು, ಆದರೆ ಹೇಳಿದ್ದು ಒಂದು ಕೋಳಿಗೆ. ಆ ಕೋಳಿಯೂ ಸತ್ತಿರಲಿಲ್ಲ, ಅನಿಲ ಇನ್ನೂ ತಲುಪದ ಕಟ್ಟೆಯ ಮೇಲೆ ತನ್ನ ಜಾತಿಗೆ ತಕ್ಕಂತೆ ಸುಮ್ಮನೆ ಕೂತಿತ್ತು. ಅದನ್ನು ಓದಿ ತಿಳಿದಿದ್ದವಳು ನಾನು, ಅವರಿಗೆ ಸರಿಯಾಗಿ ಹೇಳಿಕೊಟ್ಟಿರಲಿಲ್ಲ.

“ಆಂಟಿಗೂ ಸುಳ್ಳು ಹೇಳಿದೆ,” ಎಂದೆ. “ಮ್ಯಾನೇಜರಿಗೂ, ನರ್ಸಿಗೂ.”

ಅಂಕಲ್ ಬೆರಳು ಮಡಿಸಿ ಎಣಿಸಿದರು. ಅವರ ಮೀಸೆ ನಡುಗಿತು. ಆಮೇಲೆ ಮೂರು ವಾರದಿಂದ ಕೇಳದ ಆ ನಗು ಹೊರಬಂತು. ಪಕ್ಕದಲ್ಲಿ ಐಸ್ ಒಡೆಯುತ್ತಿದ್ದವನು ಕೈ ನಿಲ್ಲಿಸಿ ನೋಡಿದ.

“ಮೂರು ಸಲ! ಹಾಗಾದ್ರೆ ಪೀಟರ್ ನೀನೇ ಅಲ್ವಾ!”

ಅಳುತ್ತಿದ್ದ ನಾನೂ ನಕ್ಕೆ. ಚಹಾ ಬಾನೆಟ್ಟಿನ ಮೇಲೆ ಚೆಲ್ಲಿತು. ಅವತ್ತು ವಿಲ್ಲಾ ತಲುಪಿದ ಮೇಲೆ ಮ್ಯಾನೇಜರ್ ಬಳಿ ಹೋಗಿ ಇಬ್ಬರೂ ನಮ್ಮ ನಮ್ಮ ತಪ್ಪು ಹೇಳಿದೆವು. ಅವರು ಮುಖ ಗಂಟಿಕ್ಕಿ ಕೇಳಿ, ಒಳಗಿನಿಂದ ಸುಲಭವಾಗಿ ತೆರೆಯುವ ಹಿಡಿಯನ್ನು ಅದೇ ವಾರ ಬಾಗಿಲಿಗೆ ಹಾಕಿಸಿದರು. ದಾಖಲೆ ಪುಸ್ತಕ ತೆಗೆದು ‘ಕಾರಣ ತಿಳಿಯದು’ ಎಂಬುದನ್ನು ಹೊಡೆದು ‘ಅಂಕಲ್‌ರ ಪರದೆ’ ಎಂದು ಬರೆದೆ. ಪರದೆ ಬಿಚ್ಚಬೇಕೆ ಎಂದು ಅವರು ಕೇಳಿದರು. ಈಗ ಬಿಚ್ಚಿದರೆ ಪಾಪ ಅದಕ್ಕೆ ಇನ್ನೂ ಗೊಂದಲ, ಚಳಿಗಾಲ ಮುಗಿಸಲಿ ಎಂದೆ.

ಮರುದಿನ ಕಣ್ಣು ಬಿಟ್ಟಾಗ ಕೋಣೆಯ ತುಂಬ ಬಿಸಿಲು. ನರ್ಸುಗಳಿಬ್ಬರೂ ಡ್ಯೂಟಿಗೆ ಹೋಗಿಯಾಗಿತ್ತು. ದಿನಾ ಎಚ್ಚರವಿದ್ದೇ ಕೇಳುತ್ತಿದ್ದ ಬೆಳಗಿನ ಬಾಂಗ್ ಅಂದು ಕೇಳಿಸಿಯೇ ಇರಲಿಲ್ಲ. ಗಡಿಯಾರದಲ್ಲಿ ಎಂಟೂವರೆ. ಏಳಕ್ಕೆ ಅಂಕಲ್‌ರ ಕಾರು ಕೆಳಗೆ ಬಂದು ಹಾರ್ನ್ ಮಾಡಿ ಮಾಡಿ ಹೋಗಿರಬೇಕೆಂದು ಗಾಬರಿಯಾಗಿ ಫೋನ್ ಮಾಡಿದೆ. ಬಹಳ ಹೊತ್ತು ರಿಂಗಾಯಿತು. ಕೊನೆಗೆ ಎತ್ತಿದರು. ಗಂಟಲಿನಲ್ಲಿ ಇನ್ನೂ ಆ ಗಂಡು ಹಕ್ಕಿಯ ಗರಗರ ಸದ್ದಿತ್ತು.

“ಎಂತ ಮಾರಾಯ್ತಿ, ಇಷ್ಟು ಬೇಗ?”